ಉಪ್ಪಿನ ಕೂಗು

ಈಗ ನಮ್ಮ ಬೆಟ್ಟದ ಅರ್ಧದವರೆಗೆ ಜೀಪು ಹೋಗುತ್ತದೆ. ಭಾನುವಾರ ಬಂತೆಂದರೆ ಬಣ್ಣಬಣ್ಣದ ಚೀಲಗಳನ್ನು ಬೆನ್ನಿಗೇರಿಸಿಕೊಂಡ ಹುಡುಗ ಹುಡುಗಿಯರು ನಮ್ಮ ಅಂಗಳದಲ್ಲಿ ನಿಂತು ಫೋನಿನಲ್ಲಿ ದಾರಿ ಹುಡುಕುತ್ತಾರೆ. ಸಿಗ್ನಲ್ ಸಿಗದಿದ್ದರೆ ನನ್ನನ್ನು ಕೇಳುತ್ತಾರೆ. "ಅಂಕಲ್, ಗೈಡ್ ಬೇಕಾ, ಇಲ್ಲ ನಾವೇ ಹೋಗಬಹುದಾ?" ನಾನು ಅವರ ಕಾಲಿನ ಚಪ್ಪಲಿ ನೋಡಿ, ಪಡುವಣ ಆಕಾಶ ನೋಡಿ, ನಾಲಿಗೆಯ ತುದಿಗೆ ಬಂದ ಬೈಗುಳ ನುಂಗಿಕೊಂಡು ಹೇಳುತ್ತೇನೆ: "ನಮ್ಮ ದೊಡ್ಡವ್ವ ಒಬ್ಬಳೇ ಹೋಗಿದ್ದಳು. ಹೋಗುವುದು ಕಷ್ಟವಲ್ಲ." ಅವರು ನಕ್ಕು, ನನ್ನದೊಂದು ಫೋಟೋ ತೆಗೆದುಕೊಂಡು ಹೊರಡುತ್ತಾರೆ. ಉಳಿದದ್ದನ್ನು ಕೇಳುವ ಪುರುಸೊತ್ತು ಅವರಿಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ದೊಡ್ಡವ್ವನ ಹೆಸರು ಯಮುನ. ನನ್ನ ಅಪ್ಪ ಕುಶಾಲಪ್ಪನ ಅಣ್ಣ ಪದ್ಮಯ್ಯನ ಹೆಂಡತಿ. ತವರು ಸಂಪಾಜೆ. ಆಳು ಕುಳ್ಳು, ಕೈ ಬಿರುಸು, ಮಾತು ಕಡಿಮೆ. ಬಾಯಲ್ಲಿ ಸದಾ ಎಲೆ ಅಡಿಕೆ ಇರುತ್ತಿದ್ದುದರಿಂದ ಮಾತು ಕಡಿಮೆಯೋ, ಮಾತು ತಪ್ಪಿಸಿಕೊಳ್ಳಲೆಂದೇ ಎಲೆ ಅಡಿಕೆಯೋ, ಯಾರಿಗೂ ಗೊತ್ತಿರಲಿಲ್ಲ. ಮಕ್ಕಳಾಗಲಿಲ್ಲ. ಅಣ್ಣ ತಮ್ಮಂದಿರದು ಎರಡು ಮನೆ, ನಡುವೆ ಒಂದೇ ಅಂಗಳ. ನಾನು ಹುಟ್ಟಿದ್ದು ಈ ಸಂಗತಿ ನಡೆದ ಮರುವರ್ಷ. ಹಾಗಾಗಿ ಇದರಲ್ಲಿ ಅಪ್ಪ ಹೇಳಿದ್ದು ಸ್ವಲ್ಪ, ದೊಡ್ಡವ್ವ ಹೇಳಿದ್ದು ಸ್ವಲ್ಪ. ಅಪ್ಪ ಹೇಳುವಾಗ ದೊಡ್ಡವ್ವನನ್ನು ಹೊಗಳುತ್ತಿದ್ದ, ದೊಡ್ಡವ್ವ ಹೇಳುವಾಗ ಅಪ್ಪನನ್ನು ಬೈಯುತ್ತಿದ್ದಳು. ಇಬ್ಬರದೂ ನಿಜವೇ.

ಅದು ಐವತ್ತನಾಲ್ಕನೆಯ ಇಸವಿ. ಆಗ ಕೊಡಗೇ ಒಂದು ರಾಜ್ಯ. ಮೈಸೂರಿಗೆ ಸೇರಬೇಕೋ ಬೇಡವೋ ಎಂದು ಮಡಿಕೇರಿಯ ಹೋಟೆಲುಗಳಲ್ಲಿ ಜನ ಮೇಜು ಗುದ್ದುತ್ತಿದ್ದರಂತೆ. ಗಾಳಿಬೀಡು ದಾಟಿ ಇನ್ನೂ ಎರಡು ಗಂಟೆ ನಡೆಯಬೇಕಾದ ನಮ್ಮೂರಿಗೆ ಆ ಸದ್ದು ಬರುತ್ತಿರಲಿಲ್ಲ. ನಮಗೆ ಗೊತ್ತಿದ್ದದ್ದು ಇಷ್ಟೇ. ಬೆಟ್ಟದ ಏಣಿನ, ಎಂದರೆ ನೆತ್ತಿಯ ಉದ್ದನೆಯ ಅಂಚಿನ, ಈಚೆ ಕೊಡಗು, ಆಚೆ ಮದರಾಸು, ಎರಡೂ ಕಡೆ ಹುಲ್ಲು ಒಂದೇ.

ಆ ಹುಲ್ಲಿನ ಮೇಲೆಯೇ ನಮ್ಮ ಬದುಕು ನಡೆಯುತ್ತಿತ್ತು. ಗದ್ದೆ ಕೊಯ್ಲು ಮುಗಿದು ಕೂಳೆ ಒಣಗಿದ ಮೇಲೆ ಕೆಳಗೆ ದನಗಳಿಗೆ ಮೇವಿಲ್ಲ. ಉಳುವ ಎತ್ತುಗಳನ್ನು ಮಾತ್ರ ಹಟ್ಟಿಯಲ್ಲಿ ಉಳಿಸಿಕೊಂಡು, ಹಸು ಕಡಸುಗಳನ್ನೆಲ್ಲ ಬೆಟ್ಟದ ತಲೆಯ ಹುಲ್ಲುಗಾವಲಿಗೆ ಹತ್ತಿಸಿ ಬಿಡುತ್ತಿದ್ದರು. ಐದು ತಿಂಗಳು ಅವು ಅಲ್ಲೇ. ಕಾಯುವವರಿಲ್ಲ. ಹದಿನೈದು ದಿನಕ್ಕೊಮ್ಮೆ ಮನೆಯ ಗಂಡಸು ಬಿದಿರಿನ ಅಂಡೆಯಲ್ಲಿ ಉಪ್ಪು ತುಂಬಿಕೊಂಡು ಹತ್ತಿ, ಏಣಿನ ಆಚೆಗಿರುವ ಒಂದು ಚಪ್ಪಟೆ ಬಂಡೆಯ ಮೇಲೆ ನಿಂತು ದನಗಳನ್ನು ಕೂಗಿ ಕರೆದು ಉಪ್ಪು ನೆಕ್ಕಿಸಿ ಬರುತ್ತಿದ್ದ. ಮನೆಮನೆಗೂ ಕೂಗು ಬೇರೆ. ನೆರೆಮನೆಯ ದೇರಪ್ಪಜ್ಜನ ದನಗಳಿಗೆ ನಮ್ಮವರ ಕೂಗು ಗಾಳಿಗೆ ಸಮ. ಮೇ ಕೊನೆಗೆ, ಮಳೆಗಾಲ ಹಿಡಿಯುವ ಮೊದಲು, ಎಲ್ಲವನ್ನೂ ಇಳಿಸಿಬಿಡಬೇಕು. ತಡವಾದರೆ ಚಳಿಗೆ, ಜಿಗಣೆಗೆ, ಪ್ರಪಾತಕ್ಕೆ ಒಂದೊಂದಾಗಿ ಹೋಗುತ್ತವೆ.

ಇಳಿಸುವ ದಿನ ಪದ್ಮಯ್ಯ ದೊಡ್ಡಪ್ಪ ಏಣಿನ ನೆತ್ತಿಯಲ್ಲಿ ನಿಂತು ಕೂಗಿದರೆ ಊರಿಗೆಲ್ಲ ಕೇಳುತ್ತಿತ್ತು. "ಓ...ಹೋಯ್... ಓ...ಹೋಯ್..." ಎಂದು ಉದ್ದಕ್ಕೆ ಎಳೆದು ಕೊನೆಯಲ್ಲಿ ತಗ್ಗಿಸುವ ಕೂಗು. ಅದು ಕಿವಿಗೆ ಬಿದ್ದೊಡನೆ ದೊಡ್ಡವ್ವ ಬೇಯಿಸಿಟ್ಟ ಹುರುಳಿಯ ಹಂಡೆಯನ್ನು ಒಲೆಯಿಂದ ಇಳಿಸುತ್ತಿದ್ದಳು. ಐದು ತಿಂಗಳ ಮೇಲೆ ಮನೆಗೆ ಬರುವ ದನಗಳಿಗೆ ಹಟ್ಟಿಯ ಬಾಗಿಲಲ್ಲಿ ಬೆಚ್ಚಗಿನ ಹುರುಳಿ ಕಾದಿರಬೇಕು. ಮದುವೆಯಾಗಿ ಬಂದ ಮೇಲೆ ಇಪ್ಪತ್ತೆರಡು ವರ್ಷ ಅವಳು ಆ ಹಂಡೆ ಇಳಿಸಿದ್ದಾಳೆ. ಬೆಟ್ಟ ಮಾತ್ರ ಹತ್ತಿದ್ದಿಲ್ಲ. ಊರ ಹೆಂಗಸರು ಬೆಟ್ಟದ ಬುಡದಲ್ಲಿ ಹೊಳೆ ದಾಟುವ ಹೊಳೆಕಲ್ಲಿನಿಂದ ಮೇಲೆ ಹೋಗುವ ರೂಢಿ ಇರಲಿಲ್ಲ. ಯಾಕೆಂದು ಕೇಳಿದರೆ "ಹಿಂದಿಂದ ಹಾಂಗೆ" ಎನ್ನುತ್ತಿದ್ದರು. ಹಿಂದಿನವರು ಹೇಳದೆ ಹೋದ ಕಾರಣಗಳಿಗೆಲ್ಲ ನಮ್ಮಲ್ಲಿ ಇದೊಂದೇ ಉತ್ತರ.

ಆ ವರ್ಷ ಏಪ್ರಿಲಿನಲ್ಲಿ ದೊಡ್ಡಪ್ಪ ಚಳಿಜ್ವರ ಬಂದು ಏಳೇ ದಿನದಲ್ಲಿ ತೀರಿಕೊಂಡ. ಅವನ ಹದಿಮೂರು ದನಗಳು ಬೆಟ್ಟದ ಮೇಲೆ ಉಳಿದವು.

ಅಪ್ಪ ಬೆಟ್ಟ ಹತ್ತುವ ಹಾಗಿರಲಿಲ್ಲ. ಹದಿನೇಳನೆಯ ವಯಸ್ಸಿನಲ್ಲಿ ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಬಲಗಾಲು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಅಂಗಳ ದಾಟಲು ಕೋಲು ಬೇಕಿತ್ತು. ಅವನು ತನಗೆ ತೋಚಿದಂತೆ ಒಂದು ಏರ್ಪಾಡು ಮಾಡಿದ. ಕೊಡ್ಲಿಪೇಟೆಯ ದನದ ವ್ಯಾಪಾರಿಗೆ ಹೇಳಿ ಕಳುಹಿಸಿದ. ವ್ಯಾಪಾರಿ ಆಳು, ನಾಯಿ, ಹಗ್ಗ ತಂದು ಬೆಟ್ಟದ ಮೇಲಿಂದಲೇ ದನ ಹಿಡಿದುಕೊಂಡು ಹೋಗುವುದು. ದನ ಹೋದರೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದೆ ಗದ್ದೆಯಿಲ್ಲ. ಆದ್ದರಿಂದ ಅತ್ತಿಗೆ ಗದ್ದೆಯನ್ನು ಅವನ ಉಸ್ತುವಾರಿಗೆ ಬಿಟ್ಟು, ತನ್ನ ಮನೆಗೆ ಬೀಗ ಹಾಕಿ, ನಮ್ಮ ಮನೆಯ ಹಿಂದಿನ ಕೋಣೆಗೆ ಬಂದು ಇರುವುದು. ಇದನ್ನೆಲ್ಲ ಅಪ್ಪ ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಒಳ್ಳೆಯ ಮನಸ್ಸಿನವರ ಕಾಟ ಇದೇ, ಕೇಳುವ ಮೊದಲೇ ಉಪಕಾರ ಮಾಡಿಬಿಡುತ್ತಾರೆ.

ದೊಡ್ಡವ್ವ ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದಳು. ಅದನ್ನು ಕಂಡೇ ನನ್ನ ಅವ್ವ ಸರೋಜಳಿಗೆ ಇದು ಸುಲಭವಿಲ್ಲ ಎಂದು ಗೊತ್ತಾಯಿತಂತೆ.

"ನನ್ನ ಒಲೆ ನಂಗಿರ್ಲಿ, ಕುಶಾಲ. ದನಗಳ ನಾ ಇಳಿಸ್ತೆ."

"ನೀವಾ? ಅತ್ತಿಗೆ, ಬೆಟ್ಟ ಅಂದ್ರೆ ಗದ್ದೆ ಬದು ಅಲ್ಲ."

"ಗೊತ್ತುಟ್ಟು."

"ಕೂಗು ಗೊತ್ತುಟ್ಟಾ ನಿಮ್ಗೆ?"

"ಇಪ್ಪತ್ತೆರಡು ವರ್ಷ ಕೇಳ್ತಾ ಬಂದವಳು ನಾ. ಗೊತ್ತಿಲ್ಲದೆ?"

ಅಪ್ಪ ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡ. ಆ ಮುಚ್ಚಿಕೊಂಡ ಬಾಯಿಯ ಬಗ್ಗೆ ಸಾಯುವವರೆಗೂ ಅವನಿಗೆ ನೆಮ್ಮದಿ ಇರಲಿಲ್ಲ.

ಊರಿಗೆ ಹಿರಿಯನಾದ ದೇರಪ್ಪಜ್ಜ ನ್ಯಾಯ ಹೇಳಿದ. "ಸೋಮವಾರ ವ್ಯಾಪಾರಿ ಬಂದದೆ. ಅದ್ರೊಳಗೆ ದನಗ ಇಳ್ದ್ರೆ ಯಮುನನ ಹಟ್ಟಿಗೆ, ಯಮುನನ ಒಲೆ ಯಮುನಂಗೆ. ಇಳೀದಿದ್ರೆ ಕುಶಾಲ ಹೇಳ್ದಾಂಗೆ. ಮತ್ತೆ ಮಾತ್ ಬೇಡ." ಜೊತೆಗೆ ಇಬ್ಬರು ಆಳುಗಳನ್ನು ಕಳಿಸುತ್ತೇನೆ ಎಂದೂ ಹೇಳಿದ. ದೊಡ್ಡವ್ವ ಒಪ್ಪಲಿಲ್ಲ. ಆರು ವಾರದಿಂದ ಮನುಷ್ಯರ ಮುಖ ಕಾಣದ ದನಗಳು, ಹೊರಗಿನವರನ್ನು ಕಂಡರೆ ಮದರಾಸಿನ ಕಾಡಿಗೇ ಇಳಿದುಬಿಡುತ್ತವೆ ಎಂದಳು. ಅದೂ ಸರಿಯೇ.

ಶುಕ್ರವಾರ ಬೆಳಗ್ಗೆ ಹುರುಳಿ ಬೇಯಿಸಿ, ಹಂಡೆಯನ್ನು ಒಲೆಯ ಮೇಲೇ ಬಿಟ್ಟು ಹೊರಟಳು. ಮೈಮೇಲೆ ದೊಡ್ಡಪ್ಪನ ಕಂಬಳಿ, ತಲೆಯಿಂದ ಬೆನ್ನು ಮುಚ್ಚುವಷ್ಟು ದೊಡ್ಡ, ಮಳೆ ತಡೆಯುವ ಎಲೆಯ ಗೊರಬೆ, ಸೊಂಟದಲ್ಲಿ ಕತ್ತಿ, ಹೆಗಲಲ್ಲಿ ಉಪ್ಪಿನ ಅಂಡೆ, ಬಾಳೆಲೆಯಲ್ಲಿ ಸುತ್ತಿದ ಎರಡು ಅಕ್ಕಿರೊಟ್ಟಿ.

ದಾರಿ ತೋರಿಸಲು ಯಾರೂ ಇರಲಿಲ್ಲ. ಆದರೆ ದೊಡ್ಡಪ್ಪನಿಗೊಂದು ಚಾಳಿ ಇತ್ತು. ಬೆಟ್ಟ ಇಳಿದು ಬಂದ ಸಂಜೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಜಿಗಣೆ ಕಚ್ಚಿದ ಕಾಲಿಗೆ ಸುಣ್ಣ ಹಚ್ಚಿಕೊಳ್ಳುತ್ತ, ಹೆಜ್ಜೆ ಹೆಜ್ಜೆಯನ್ನೂ ವರದಿ ಒಪ್ಪಿಸುವುದು. ಎಲ್ಲಿ ನೀರು ಕುಡಿದೆ, ಎಲ್ಲಿ ಕಾಲು ಜಾರಿತು, ಯಾವ ಮರದ ಬುಡದಲ್ಲಿ ಕೂತೆ. ಅಕ್ಕಿ ಬೀಸುತ್ತಲೋ ಮೀನು ತೊಳೆಯುತ್ತಲೋ ಇರುತ್ತಿದ್ದ ದೊಡ್ಡವ್ವ, "ಸಾಕು, ನಂಗೆಂಥಕೆ ಅದೆಲ್ಲ" ಎನ್ನುತ್ತಿದ್ದಳು. ಅವನು ನಿಲ್ಲಿಸುತ್ತಿರಲಿಲ್ಲ. ಹೊಳೆಕಲ್ಲು ದಾಟಿ ಮೊದಲ ಏರು ಹತ್ತುವಾಗ, ತಾನು ಕೇಳಿಸಿಕೊಳ್ಳಲೇ ಇಲ್ಲವೆಂದುಕೊಂಡಿದ್ದ ಆ ಮಾತುಗಳೆಲ್ಲ ಒಂದೂ ಬಿಡದೆ ತನ್ನೊಳಗಿವೆ ಎಂದು ಅವಳಿಗೆ ಗೊತ್ತಾಯಿತು.

"ಹೊಳೆ ಬಿಟ್ಟ ಮೇಲೆ ವಾಟೆ ಮೆಳೆ. ಅದ್ರ ಎಡಕ್ಕೆ ಹೋಕು." ವಾಟೆ ಬಿದಿರಿನ ಮೆಳೆ ಬಂತು. ಎಡಕ್ಕೆ ಹೋದಳು. "ಮತ್ತೆ ಸಿಡಿಲು ಬಡ್ದ ನೇರಳೆ. ಅಲ್ಲಿ ನೀರು ಕುಡ್ದುಬಿಡೊಕು, ಮೇಲೆ ನೀರಿಲ್ಲೆ." ಎರಡು ಸೀಳಾದ ನೇರಳೆ ಮರವೂ ಇತ್ತು, ಬುಡದಲ್ಲಿ ಒಸರುವ ನೀರೂ ಇತ್ತು, ಕುಡಿಯಲು ಅವನು ಮಡಿಚಿಟ್ಟಿದ್ದ ಎಲೆಯ ದೊನ್ನೆ ಒಣಗಿ ಸುರುಳಿಯಾಗಿ ಅಲ್ಲೇ ಬಿದ್ದಿತ್ತು. ಅದನ್ನು ಕಂಡು ಅವಳು ಅತ್ತಳು. ಗಂಡ ಸತ್ತ ದಿನ ಅಷ್ಟು ಜನರ ನಡುವೆ ಬಾರದಿದ್ದ ಅಳು ಅಲ್ಲಿ ಬಂತು. ಅತ್ತು, ನೀರು ಕುಡಿದು, ಮುಖ ತೊಳೆದು ಮುಂದೆ ಹೋದಳು.

ಕೆಳಗಿನಿಂದ ಹೊರಡುವಾಗ ಎಳೆಬಿಸಿಲು. ನೇರಳೆಯ ಹತ್ತಿರ ಹನಿ. ಕಾಡು ಮುಗಿದು ಹುಲ್ಲು ಶುರುವಾದಲ್ಲಿ ಮತ್ತೆ ನೆತ್ತಿ ಸುಡುವ ಬಿಸಿಲು. ಅರ್ಧ ಗಂಟೆಗೊಂದು ಬುದ್ಧಿ ತೋರಿಸುವ ಆಕಾಶ. ದೊಡ್ಡಪ್ಪ ದಾರಿಯುದ್ದಕ್ಕೂ ಒಂದರ ಮೇಲೊಂದರಂತೆ ಮೂರು ಕಲ್ಲಿಟ್ಟು ಗುರುತು ಮಾಡಿದ್ದ. ಒಂದು ಗುರುತಿನಿಂದ ಇನ್ನೊಂದಕ್ಕೆ ಕಣ್ಣು ಹಾಯಿಸುತ್ತ ಏಣಿನ ಮೇಲೆ ಬಂದಳು. ಕುದುರೆಯ ಬೆನ್ನಿನಂಥ ಏಣು. "ಏಣಲ್ಲಿ ಹೋಗುವಾಗ ಗಾಳಿ ಎಡಗೆನ್ನೆಗೆ ಹೊಡೆಯೊಕು. ಎಡಕ್ಕೆ ಇಳಿಯೊಕಾಗ, ಎಡಕ್ಕೆ ಬರೀ ಪಾತಾಳ." ಗಾಳಿ ಎಡಗೆನ್ನೆಗೆ ಹೊಡೆಯಿತು. ತಿರುಗಿ ನೋಡಿದರೆ, ದೂರ, ಕಾಡುಗಳಾಚೆ, ಆಕಾಶದ ಅಂಚಿಗೆ ತಗಡಿನ ಹಾಗೆ ಹೊಳೆಯುವ ಒಂದು ಗೆರೆ. ಸಮುದ್ರ. ಬೆಟ್ಟದಿಂದ ಸಮುದ್ರ ಕಾಣುತ್ತದೆ ಎಂದು ದೊಡ್ಡಪ್ಪ ಹೇಳಿದಾಗಲೆಲ್ಲ ಅವಳು ಅದನ್ನು ಗಂಡಸರ ಬಡಾಯಿ ಎಂದುಕೊಂಡಿದ್ದಳು. "ತಪ್ಪಾತ್," ಎಂದು ಜೋರಾಗಿಯೇ ಹೇಳಿದಳಂತೆ, ಅಲ್ಲಿ ಕೇಳುವವರು ಯಾರೂ ಇಲ್ಲದಿದ್ದರೂ.

ಬಂಡೆ ತಲುಪುವಷ್ಟರಲ್ಲಿ ಗಾಳಿ ನಿಂತಿತು. ಅದು ಕೆಟ್ಟ ಲಕ್ಷಣ. ಆಚೆಯ ಕಣಿವೆಯಿಂದ ಮಂಜು ಎದ್ದು, ಕಾಲು ಮುಚ್ಚಿ, ಸೊಂಟ ಮುಚ್ಚಿ, ಸಮುದ್ರವನ್ನೂ ಏಣನ್ನೂ ಮುಚ್ಚಿತು. ಚಾಚಿದ ಕೈ ಮಾತ್ರ ಕಾಣುತ್ತಿತ್ತು. ದೊಡ್ಡವ್ವ ಬಂಡೆಯ ಮೇಲೆ ನಿಂತು, ಉ‌ಪ್ಪಿನ ಅಂಡೆ ಬಿಚ್ಚಿ, ಹೊಟ್ಟೆಯ ತಳದಿಂದ ಉಸಿರೆಳೆದು, ಇಪ್ಪತ್ತೆರಡು ವರ್ಷ ಕೇಳಿದ ಕೂಗನ್ನು ಕೂಗಿದಳು.

"ಓ...ಹೋಯ್... ಓ...ಹೋಯ್..."

ಮೊದಲು ಏನೂ ಇಲ್ಲ. ಎರಡನೆಯ ಸಲಕ್ಕೂ ಇಲ್ಲ. ಮೂರನೆಯ ಸಲಕ್ಕೆ ಮಂಜಿನೊಳಗೆಲ್ಲೋ ಮರದ ಗಂಟೆ ಲೊಟಲೊಟ ಎಂದಿತು. ಮಂದೆಯ ಮುಂದಾಳು ಬೊಳ್ಳಿ, ಬಿಳಿ ಹಣೆಯ ಮುದಿ ಹಸು, ಅದರ ಕೊರಳಿನ ಗಂಟೆ. ಹತ್ತಿರವಾಯಿತು. ಬೊಳ್ಳಿಯ ಮುಖ ಮಂಜಿನಿಂದ ಹೊರಬಂತು, ಹಿಂದೆ ಒಂದೊಂದಾಗಿ ಉಳಿದವು. ದೊಡ್ಡವ್ವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಂಡೆ ಬಗ್ಗಿಸಿ ಬಂಡೆಯ ಮೇಲೆ ಉಪ್ಪು ಸುರಿದು, "ಬಾ ಬೊಳ್ಳಿ, ಬಾ" ಎಂದಳು.

ಬೊಳ್ಳಿ ನಿಂತಿತು. ದೊಡ್ಡಪ್ಪನ ಕಂಬಳಿಯನ್ನು ಮೂಸಿತು. ಉಪ್ಪನ್ನು ತಿರುಗಿಯೂ ನೋಡಲಿಲ್ಲ. ಅವಳನ್ನು ಬಳಸಿಕೊಂಡು ಮುಂದೆ ಹೋಯಿತು. ಹಿಂದಿನವೂ ಹೋದವು, ಸಾಲಾಗಿ, ಅವಳು ದಾರಿಬದಿಯ ಗೂಟವೋ ಎಂಬಂತೆ. ಎಣಿಸಿದಳು. ಹದಿಮೂರೂ ಇದ್ದವು. ಹದಿಮೂರೂ ಹೋದವು.

"ನಿಲ್ಲಿ!" ಎಂದು ಕೂಗಿ ಅಂಡೆ ಎತ್ತಿಕೊಂಡು ಹಿಂದೆ ಓಡಿದಳು. ಇಳಿಜಾರಿನಲ್ಲಿ ಮನೆಯ ಕಡೆ ಮುಖ ಮಾಡಿದ ದನಗಳ ಕಾಲಿಗೆ ಮನುಷ್ಯರ ಕಾಲು ಸಾಟಿಯಲ್ಲ. ಗಂಟೆಯ ಸದ್ದು ಹಿಡಿದು ನೂರು ಮಾರು ಹೋಗಿರಬೇಕು, ಆಕಾಶ ಗುಡುಗಿ ಆಲಿಕಲ್ಲು ಬಿತ್ತು. ಗೋಲಿಯಷ್ಟು, ನೆಲ್ಲಿಕಾಯಿಯಷ್ಟು ದಪ್ಪ. ಗೊರಬೆಯ ಕೆಳಗೆ ಮುದುಡಿ ಕೂತಳು. ತಲೆಯ ಮೇಲೆ ಅಷ್ಟು ಹೊತ್ತೂ ತಮಟೆ ಬಡಿದ ಹಾಗೆ ಸದ್ದು. ನಿಂತಾಗ ಗಂಟೆ ಇರಲಿಲ್ಲ. ಹುಲ್ಲೆಲ್ಲ ಬೆಳ್ಳಗೆ ಮುಚ್ಚಿ ಗೊರಸಿನ ಗುರುತೂ ಇರಲಿಲ್ಲ. ಗಾಳಿ ಯಾವ ಕೆನ್ನೆಗೂ ಹೊಡೆಯುತ್ತಿರಲಿಲ್ಲ.

ಅಂದಾಜಿನ ಮೇಲೆ ನಡೆದಳು. ಮೂರು ಕಲ್ಲಿನ ಗುರುತು ಹುಡುಕಿದಳು. ಕಲ್ಲುಗಳೇನೋ ಬೇಕಾದಷ್ಟಿದ್ದವು, ಒಂದರ ಮೇಲೊಂದು ಇಟ್ಟವರು ಇರಲಿಲ್ಲ. ಹೀಗೆ ಎಷ್ಟು ಹೊತ್ತೋ. ಒಮ್ಮೆ ಕಾಲಿಟ್ಟಲ್ಲಿಂದ ಒಂದು ಕಲ್ಲು ಜಾರಿ ಉರುಳಿತು. ಅದು ಕೆಳಗೆ ಬಿದ್ದ ಸದ್ದಿಗಾಗಿ ಕಿವಿಗೊಟ್ಟಳು. ಸದ್ದು ಬರಲೇ ಇಲ್ಲ. ಆಗ ಅವಳು ಇಟ್ಟ ಹೆಜ್ಜೆಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದು, ಅಲ್ಲೇ ಒಂದು ಕಲ್ಲಿಗೆ ಬೆನ್ನು ಕೊಟ್ಟು ಕೂತುಬಿಟ್ಟಳು. ಎಡಕ್ಕೆ ಇಳಿಯಬಾರದು ಎಂದದ್ದು ನೆನಪಿತ್ತು. ಎಡ ಯಾವುದು ಎಂದು ಹೇಳಲು ಅವನಿರಲಿಲ್ಲ.

ಕೂತು ಒಂದು ರೊಟ್ಟಿ ತಿಂದಳು. "ಆಗ ಎಂಥ ಯೋಚ್ನೆ ಮಾಡ್ದೆ ದೊಡ್ಡವ್ವ?" ಎಂದು ನಾನು ಕೇಳಿದ್ದೆ. "ನಗು ಬಂತು," ಎಂದಿದ್ದಳು. "ದನಗ ಮನೆಗೆ ಹೋದೊ. ಒಲೆ ಉಳ್ತ್. ಆ ಒಲೆಗೆ ಬೆಂಕಿ ಹಾಕಿಕೆ ನಾನೇ ಇಲ್ಲೆ." ಹೇಳುವಾಗಲೂ ನಕ್ಕಳು. ನನಗೆ ನಗು ಬರಲಿಲ್ಲ.

ಕೆಳಗೆ ಅಪ್ಪ ಅಂಗಳದಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಅತ್ತಿಗೆ ಮಧ್ಯಾಹ್ನದೊಳಗೆ ಬರಿಗೈಯಲ್ಲಿ ಬರುತ್ತಾಳೆ, ಬಂದಾಗ ಹಂಗಿಸಬಾರದು, ಬಿಸಿನೀರು ಕಾಯಿಸಿ ಕೊಡಬೇಕು ಎಂದು ನನ್ನ ಅವ್ವನಿಗೆ ಹೇಳಿಟ್ಟಿದ್ದನಂತೆ. ಊಟದ ಹೊತ್ತು ಮೀರಿದ ಮೇಲೆ ಮರದ ಗಂಟೆ ಕೇಳಿಸಿತು. ಬೊಳ್ಳಿ ಬಂತು. ಹಿಂದೆ ಹನ್ನೆರಡು. ನೇರ ದೊಡ್ಡವ್ವನ ಹಟ್ಟಿಯ ಬಾಗಿಲಿಗೆ ಹೋಗಿ, ಹುರುಳಿ ಕಾಣದೆ, ಮುಚ್ಚಿದ ಅಡುಗೆಮನೆಯ ಕಡೆ ಮುಖ ಮಾಡಿ ನಿಂತವು. ಅವ್ವನಿಗೆ ಸಂತೋಷವಾಗಿ, "ಇಳ್ಸಿಬಿಟ್ಟೊ ಅಕ್ಕ!" ಎಂದಳು.

ಅಪ್ಪ ದಾರಿ ನೋಡಿದ. ದನಗಳ ಹಿಂದೆ ಯಾರೂ ಇರಲಿಲ್ಲ. ಅವುಗಳ ಬೆನ್ನು ಮಾತ್ರ ನೆನೆದು ತೊಟ್ಟಿಕ್ಕುತ್ತಿತ್ತು. ಅವನಿಗೆ ಎಲ್ಲವೂ ಒಟ್ಟಿಗೇ ತಿಳಿಯಿತು.

ನಮ್ಮ ಮನೆಗೆ ಇರುವುದು ಒಂದು ಕೂಗಲ್ಲ, ಎರಡು. ಊರಿಗೆಲ್ಲ ಕೇಳುವುದು ಮನೆ ಕೂಗು. ಅದನ್ನು ಕೇಳಿದರೆ ದನಗಳು ನಿಲ್ಲುವುದಿಲ್ಲ, ಕೂಗಿದವನ ಹತ್ತಿರ ಬರುವುದಿಲ್ಲ, ಹುರುಳಿಯ ಆಸೆಗೆ ಮನೆಯ ದಾರಿ ಹಿಡಿಯುತ್ತವೆ. ಹತ್ತಿರ ಕರೆಯುವ ಕೂಗು ಬೇರೆ, ಅದು ಉಪ್ಪಿನ ಕೂಗು. ಇಳಿಸುವ ದಿನವೂ ಮೊದಲು ಉಪ್ಪಿನ ಕೂಗು ಕೂಗಿ, ನೆಕ್ಕಿಸಿ, ಮಂದೆಯನ್ನು ಮುಂದೆ ಹೊಡೆದುಕೊಂಡು ಏಣಿನ ನೆತ್ತಿಗೆ ಬಂದ ಮೇಲೆಯೇ ಮನೆ ಕೂಗು. ಉಪ್ಪಿನ ಕೂಗನ್ನು ಕೆಳಗೆ ಕೂಗಬಾರದು ಎಂಬ ಕಟ್ಟು ಇತ್ತು, ಆ ಬಂಡೆಯ ಮೇಲೆ ನಿಂತೇ ಅಪ್ಪನಿಂದ ಮಗ ಕಲಿಯಬೇಕು. ಊರಲ್ಲಿ ಕೂಗಿದರೆ ದನಗಳು ಕಂಡವರ ಗದ್ದೆ ತುಳಿದು ಓಡಿಬರುತ್ತವೆ ಎಂಬುದೇ ಕಾರಣವಿರಬೇಕು. ದೊಡ್ಡಪ್ಪ ಇಡೀ ಬೆಟ್ಟವನ್ನು ಹೆಂಡತಿಗೆ ಹೇಳಿದ್ದ. ಮನೆಯೊಳಗೆ ಹೇಳಬಾರದ ಇದೊಂದನ್ನು ಮಾತ್ರ ಹೇಳಿರಲಿಲ್ಲ. ಕಾಲು ಮುರಿಯುವ ಮೊದಲು ನಾಲ್ಕು ವರ್ಷ ಅಣ್ಣನ ಜೊತೆ ಹತ್ತಿದ್ದ ಅಪ್ಪನಿಗೆ ಎರಡೂ ಗೊತ್ತಿತ್ತು. ಅತ್ತಿಗೆಗೆ ಒಂದೇ ಗೊತ್ತಿರುವುದೂ ಗೊತ್ತಿತ್ತು.

"ಹೇಳ್ಬಹುದಿತ್ತಲ್ಲ ಅಪ್ಪ?" ಎಂದು ನಾನು ಬೆಳೆದ ಮೇಲೆ ಕೇಳಿದ್ದೇನೆ, ಸಿಟ್ಟಿನಿಂದಲೇ.

"ಕಟ್ಟು ಮುರೀಬಾರ್ದು ಅಂತ ಇತ್ತ್," ಎನ್ನುತ್ತಿದ್ದ. ಆಮೇಲೆ, "ಸೋತು ಬರ್ಲಿ ಅಂತಲೂ ಇತ್ತ್," ಎನ್ನುತ್ತಿದ್ದ. ಇಷ್ಟು ಒಪ್ಪಿಕೊಳ್ಳುವ ಗಂಡಸರನ್ನು ನಾನು ಹೆಚ್ಚು ನೋಡಿಲ್ಲ. ಅದಕ್ಕೇ ಅವನ ಮೇಲಿನ ನನ್ನ ಸಿಟ್ಟು ಹೆಚ್ಚು ಹೊತ್ತು ಉಳಿಯುವುದಿಲ್ಲ.

ದೇರಪ್ಪಜ್ಜನಿಗೆ ಹೇಳಲು ಅವ್ವನನ್ನು ಓಡಿಸಿ, ಅಪ್ಪ ಕೋಲು ಹಿಡಿದು ಹೊರಟ. ಹದಿನೈದು ವರ್ಷ ಹೊಳೆಕಲ್ಲು ದಾಟದ ಕಾಲು. ಏರಿನಲ್ಲಿ ಕೋಲು ಬಿಟ್ಟು ಬೇರು ಹಿಡಿದ, ಹುಲ್ಲಿನಲ್ಲಿ ಬೇರೂ ಇಲ್ಲದೆ ಕೈಯೂರಿ ಹತ್ತಿದ. ಅವನು ಬಂಡೆ ತಲುಪಿದಾಗ ಹೊತ್ತು ಇಳಿಯಲು ಬಂದಿತ್ತು. ಮಂಜು ಹಾಗೇ ಇತ್ತು. ಬಂಡೆಯ ಮೇಲೆ ಉಪ್ಪು ಆಲಿಕಲ್ಲಿನ ನೀರಿಗೆ ಕರಗಿ ಹೋಗಿತ್ತು. ಬರಿದಾದ ಬಂಡೆಯ ಮೇಲೆ ನಿಂತು ಅವನು ಉಪ್ಪಿನ ಕೂಗು ಕೂಗಿದ.

"ಹಾ...ಬಾ. ಹಾ...ಬಾ."

ಚಿಕ್ಕ ಕೂಗು, ಎಳೆಯುವುದಿಲ್ಲ, ಕೊನೆಗೆ ಏರುತ್ತದೆ. ಮಂಜಿನೊಳಗೆ ದೊಡ್ಡವ್ವನಿಗೆ ಅದು ಕೇಳಿಸಿತು. ಹುಟ್ಟಿದಾರಭ್ಯ ಕೇಳದ ಕೂಗು. ಆದರೆ ಗಂಟಲು ಗೊತ್ತಿದ್ದದ್ದು. ಅಣ್ಣ ತಮ್ಮಂದಿರ ಗಂಟಲು ಒಂದೇ ಇತ್ತು.

"ಅವ್ರೇ ಕರೀತೊಳೊ ಅಂತ ಗ್ರಹಿಸ್ದೆ," ಎಂದಳು ದೊಡ್ಡವ್ವ. "ಹೆದ್ರಿಕೆ ಆತ್. ಆದ್ರೂ ಎದ್ದೆ. ಸತ್ತವರು ಕರ್ದ್ರೆ ಹೋಗ್ಬಾರ್ದು ಅಂತಾರೆ. ನಂಗೆ ಹೋಗ್ಬೇಕಿತ್ತ್."

ಕೂಗಿದಾಗ ನಡೆದಳು, ನಿಂತಾಗ ನಿಂತಳು. ನಾಲ್ಕು ಹೆಜ್ಜೆ, ಆರು ಹೆಜ್ಜೆ. ಅಪ್ಪನ ಗಂಟಲು ಒಡೆದಿತ್ತು, ಕೊನೆಕೊನೆಗೆ ಕೂಗು ಹೋಗಿ ಕೆಮ್ಮೇ ಬರುತ್ತಿತ್ತು. ಕೆಮ್ಮಿನ ಕಡೆಗೂ ನಡೆದಳು. ಕಾಲಿಗೆ ಬಂಡೆ ಸಿಕ್ಕಿತು. ಮೇಲೆ ನೋಡಿದರೆ ಕುಶಾಲಪ್ಪ. ಕಾಲೆಲ್ಲ ಜಿಗಣೆ, ಮೊಣಕಾಲು ರಕ್ತ, ಕೂಗುವುದನ್ನು ನಿಲ್ಲಿಸಲು ಮರೆತು ಅಳುತ್ತ ಕೂಗುತ್ತಿದ್ದ.

ದೊಡ್ಡವ್ವ ಬಂಡೆ ಹತ್ತಿ ಅವನ ಪಕ್ಕ ನಿಂತಳು.

"ಇದು ಎಂಥ ಕೂಗು?" ಎಂದು ದೊಡ್ಡವ್ವ ಕೇಳಿದಳು.

"ಉಪ್ಪಿನ ಕೂಗು, ಅತ್ತಿಗೆ."

"ನಿಂಗೆ ಗೊತ್ತಿತ್ತ್."

ಅಪ್ಪ ತಲೆ ತಗ್ಗಿಸಿದ. ಅವಳು ಹೊಡೆದಿದ್ದರೆ ಚೆನ್ನಾಗಿತ್ತು ಎಂದು ಅವನು ಆಮೇಲೆ ಎಷ್ಟೋ ಸಲ ಹೇಳಿದ್ದಾನೆ. ದೊಡ್ಡವ್ವ ಹೊಡೆಯಲಿಲ್ಲ. ಮಂಜಿನಲ್ಲಿ ನೆನೆದ ಕೈಯನ್ನು ಕಂಬಳಿಯಿಂದ ಹೊರಗೆ ತೆಗೆದು, ಅಂಗೈ ಬಿಚ್ಚಿ ಅವನ ಮುಂದೆ ಚಾಚಿದಳು.

"ನೀ ಕೂಗ್ದೆ ಅಲ್ಲ? ನಾ ಬಂದೆ. ಉಪ್ಪು ಎಲ್ಲಿ?"

ಅಪ್ಪನ ಹತ್ತಿರ ಉಪ್ಪಿರಲಿಲ್ಲ. ಅವನು ಬರೀ ಕೈ ನೋಡಿಕೊಂಡ. ಆಗ ದೊಡ್ಡವ್ವ ತನ್ನ ಅಂಡೆಯನ್ನೇ ಬಗ್ಗಿಸಿ, ತಳದಲ್ಲಿ ಉಳಿದಿದ್ದ ಉಪ್ಪನ್ನು ಅವನ ಅಂಗೈಗೆ ಸುರಿದು, ಮತ್ತೆ ತನ್ನ ಕೈ ಒಡ್ಡಿದಳು. ನಮ್ಮಲ್ಲಿ ಉಪ್ಪನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಜಗಳವಾಗುತ್ತದೆ ಎಂದು ನೆಲಕ್ಕಿಟ್ಟು ಕೊಡುತ್ತಾರೆ. ಅಪ್ಪ ಬಂಡೆಯ ಮೇಲಿಡಲು ಬಗ್ಗಿದ.

"ಕೈಗೇ ಕೊಡು," ಎಂದಳು ದೊಡ್ಡವ್ವ. "ಆಗೊಕಾದ ಜಗಳ ಆತಲ್ಲ."

ಅವನು ಕೊಟ್ಟ. ಅವಳು ಒಂದು ಹರಳು ಬಾಯಿಗೆ ಹಾಕಿಕೊಂಡಳು. ಆಮೇಲೆ, ಕತ್ತಲಾಗುವ ಮೊದಲು, ಆ ಬಂಡೆಯ ಮೇಲೆ ನಿಲ್ಲಿಸಿಯೇ ಅಪ್ಪ ಅವಳಿಗೆ ಉಪ್ಪಿನ ಕೂಗು ಕಲಿಸಿದ. ಇಳಿಯುವಾಗ ಅವನ ಕಾಲು ಏಳಲಿಲ್ಲ. ಜನ ಕೂಡಿಸಿಕೊಂಡು ತಡವಾಗಿ ಹೊರಟಿದ್ದ ದೇರಪ್ಪಜ್ಜನ ಕಡೆಯವರು ನೇರಳೆಯ ಹತ್ತಿರ ಎದುರಾಗುವವರೆಗೆ ಅವನನ್ನು ಹೆಗಲಿಗೆ ಆನಿಸಿಕೊಂಡು ಇಳಿಸಿದವಳು ಅವಳೇ. ದಾರಿಯುದ್ದಕ್ಕೂ ಬೈದಳಂತೆ. ಇಪ್ಪತ್ತೆರಡು ವರ್ಷದಲ್ಲಿ ಆಡದಷ್ಟು ಮಾತು ಆ ಒಂದು ಇಳಿತದಲ್ಲಿ ಆಡಿದಳು.

ಸೋಮವಾರ ಬಂದ ವ್ಯಾಪಾರಿ ಕಾಫಿ ಕುಡಿದು ಹಾಗೇ ಹೋದ.

ಅದಾದ ಮೇಲೆ ದೊಡ್ಡವ್ವ ಪ್ರತಿ ಬೇಸಗೆಯಲ್ಲೂ ಬೆಟ್ಟ ಹತ್ತಿದಳು, ಒಬ್ಬಳೇ, ಇಪ್ಪತ್ತನಾಲ್ಕು ವರ್ಷ. ಕೊಡಗು ಮೈಸೂರಿಗೆ ಸೇರಿತು, ಮೈಸೂರು ಕರ್ನಾಟಕವಾಯಿತು, ಅವಳ ಒಲೆ ಅವಳದೇ ಆಗಿತ್ತು. ಅವಳು ಬೆಟ್ಟದಿಂದ ಬಂದ ಸಂಜೆ ಅಪ್ಪ ಅವಳ ಹೊಸ್ತಿಲಲ್ಲಿ ಹೋಗಿ ಕೂರುತ್ತಿದ್ದ. ಅವಳು ಕಾಲಿಗೆ ಸುಣ್ಣ ಹಚ್ಚಿಕೊಳ್ಳುತ್ತ ಎಲ್ಲಿ ನೀರು ಕುಡಿದೆ, ಎಲ್ಲಿ ಕಾಲು ಜಾರಿತು ಎಂದು ಹೇಳುತ್ತಿದ್ದಳು. ಅಪ್ಪ ಒಂದು ದಿನವೂ ಸಾಕು ಎಂದದ್ದಿಲ್ಲ.

ಎಪ್ಪತ್ತೆಂಟರ ಜುಲೈಯಲ್ಲಿ ಅಪ್ಪ ಸತ್ತ. ಜಡಿಮಳೆ. ಹೆಣ ಅಂಗಳದ ಚಪ್ಪರದಲ್ಲಿತ್ತು, ಎತ್ತಲು ಜನ ಬಗ್ಗಿದ್ದರು. "ಒಂದ್ ಗಳಿಗೆ ನಿಲ್ಲಿ," ಎಂದು ದೊಡ್ಡವ್ವ ಬಂದಳು. ಅಂಗಳದ ಅಂಚಿಗೆ ಹೋಗಿ, ಮಳೆಯಲ್ಲಿ ಕಾಣದ ಬೆಟ್ಟದ ಕಡೆ ಮುಖ ಮಾಡಿ ನಿಂತು, ಕೆಳಗೆ ಕೂಗಬಾರದ ಕೂಗನ್ನು ಕೂಗಿದಳು.

"ಹಾ...ಬಾ. ಹಾ...ಬಾ."

ಅವಳ ಹಟ್ಟಿಯಲ್ಲಿ ಮರದ ಗಂಟೆ ಅಲ್ಲಾಡಿತು. ಮಲಗಿದ್ದ ದನಗಳೆಲ್ಲ ಎದ್ದು ಹಗ್ಗ ಜಗ್ಗಿ ನಿಂತವು. ಅವಳು ಇನ್ನೂ ಸ್ವಲ್ಪ ಹೊತ್ತು ಕಾದಳು. ಬರಬೇಕಾದವನು ಬರಲಿಲ್ಲ. ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

"ಒಳಗಿಂದ ಉಪ್ಪು ತಾ ಮಗ. ಕೂಗಿದ ಮೇಲೆ ಕೊಡೊಕು."

ನಾನು ಒಳಗೆ ಹೋಗಿ ಉಪ್ಪು ತಂದೆ. ಅವಳ ಕೈಗೇ ಕೊಟ್ಟೆ.